ಗೊದ್ದಕ್ಕೆ ಗೆದ್ದಲಿನ ಬಿಲ್

ಕೀಟ ನಿಯಂತ್ರಣದ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ನಾನು ಡ್ರಿಲ್ ಹಾಕದ ಬಡಾವಣೆಯಿಲ್ಲ ಎಂದು ಜಂಬ ಕೊಚ್ಚುತ್ತಿದ್ದೆ. ಅದು ಇಳಿದದ್ದು ಮಾಳಮಡ್ಡಿಯ ಒಂದು ಹಂಚಿನ ಮನೆಯ ಹಿತ್ತಲಿನಲ್ಲಿ.

ಬೆಂಗಳೂರಿನಲ್ಲಿರುವ ಮಗ ಬುಕ್ ಮಾಡಿದ್ದ. ಹಿಂದಿನ ದಿನ ಮೊದಲ ಮಳೆ ಬಿದ್ದಿತ್ತು. ಬೇವಿನ ಬುಡದಲ್ಲಿ ತೂತುಗಳು, ಸುತ್ತ ರೆಕ್ಕೆ. ತಿಂಗಳ ಕೊನೆ ಬೇರೆ, ಟಾರ್ಗೆಟ್‌ಗೆ ಇನ್ನೂ ಎರಡು ಬಾಕಿ. ಬಗ್ಗಿ ನೋಡದೆ ಜಾಬ್ ಕಾರ್ಡಿನಲ್ಲಿ ‘ಗೆದ್ದಲು’ ಎಂದು ಗೀಚಿದೆ. ಗೆದ್ದಲಿಗೆ ಹಾಕುವ ಇಮಿಡಾ (ಇಮಿಡಾಕ್ಲೋಪ್ರಿಡ್) ಕಲಸಿ ಔಷಧಿ ಬಿಡುವ ರಾಡನ್ನು ಮಣ್ಣಿಗೆ ಚುಚ್ಚಿದೆ.

ಪಂಪು ಶುರುವಾದ ಎರಡೇ ನಿಮಿಷಕ್ಕೆ ತೂತುಗಳಿಂದ ಕಪ್ಪು ಗೊದ್ದಗಳು ಉಕ್ಕಿಬಂದವು. ಕೆಲವುದರ ಬಾಯಲ್ಲಿ ಮರಿಗಳಿರುವ ಅವಲಕ್ಕಿ ಬಣ್ಣದ ಕೋಶಗಳು. ಒದ್ದೆಯಾದವು ನಾಲ್ಕು ಹೆಜ್ಜೆ ನಡೆದು ಮಗ್ಗುಲಾಗುತ್ತಿದ್ದವು, ಕೋಶ ಮಾತ್ರ ಬಿಡುತ್ತಿರಲಿಲ್ಲ. ಕಾಂಡದ ಮೇಲೆ ಗೆದ್ದಲು ಕಟ್ಟುವ ಮಣ್ಣಿನ ಗೆರೆ ಒಂದೂ ಇಲ್ಲವೆಂಬುದು ಆಗ ಕಣ್ಣಿಗೆ ಬಿತ್ತು. ಆದರೂ ಪಂಪು ನಿಲ್ಲಿಸಲಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತದಲ್ಲ!

“ತಮ್ಮಾ, ಬಂದ್ ಮಾಡು ಅದನ್ನು.”

ಮನೆಯೊಡತಿ, ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಅಕ್ಕೋರು. ರೆಕ್ಕೆಯಿದ್ದ ಒಂದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಮೀಸೆ ಮೊಣಕೈಯಂತೆ ಬಾಗಿತ್ತು, ನಡು ಸಣ್ಣ, ಮುಂದಿನ ರೆಕ್ಕೆ ಉದ್ದ. ಗೆದ್ದಲಿಗಾದರೆ ಮೀಸೆ ನೇರ, ನಾಲ್ಕೂ ರೆಕ್ಕೆ ಒಂದೇ ಅಳತೆ. ಹೊಸ ಹುಡುಗರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ ಇದು.

“ಈ ಗೊದ್ದಗಳ ಕುಲ ಕ್ಯಾಂಪೊನೋಟಸ್, ಮರ ತಿನ್ನುವುದಿಲ್ಲ. ಮರ ಕೊರೆದು ಗೂಡು ಮಾಡುವ ಜಾತಿಗಳೂ ಹೊಟ್ಟನ್ನು ಹೊರಗೆ ಚೆಲ್ಲುತ್ತವೆ. ಇವಂತೂ ನೆಲದಲ್ಲಿರುವವು. ಬಡಗಿ ಇರುವೆ ಎಂಬ ಹೆಸರೇ ಇವಕ್ಕೆ ಮುಳುವು” ಎಂದರು.

“ಊರ ತುಂಬ ಇವೆಯಲ್ಲ ಅಕ್ಕೋರೆ” ಎಂದೆ. ಹೇಳಬಾರದಿತ್ತು. ಯುರೋಪಿನ ಕ್ಯಾಂಪೊನೋಟಸ್ ಯೂನಿವರ್ಸಿಟಾಟಿಸ್ ಎಂಬ ಜಾತಿಯ ಕಥೆ ಶುರುವಾಯಿತು. ಅದು ಬೇರೆ ಬಡಗಿ ಇರುವೆಗಳ ಗೂಡಿನಲ್ಲಿ ಪರಾವಲಂಬಿಯಾಗಿ ಬದುಕುತ್ತದೆ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಯಲ್ಲಿದೆ. “ಊರ ತುಂಬ ಇರುವ ಇರುವೆಯ ಗೂಡು ಹೋದರೆ ಅಪರೂಪದ್ದು ಎಲ್ಲಿಗೆ ಹೋಗಬೇಕು?”

ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. “ಕೆಮಿಕಲ್ ಖರ್ಚಾಗಿದೆ, ಗೆದ್ದಲೆಂದೇ ಬಿಲ್ ಮಾಡು” ಎಂದರು. ನಮ್ಮ ಆ್ಯಪ್‌ನಲ್ಲಿ ಜಿರಳೆ, ತಿಗಣೆ, ಗೆದ್ದಲು, ಇಲಿ ಎಲ್ಲಕ್ಕೂ ಜಾಗವಿದೆ. ‘ಏನೂ ಮಾಡಬೇಕಿಲ್ಲ’ ಎನ್ನುವುದಕ್ಕೆ ಇಂದಿಗೂ ಇಲ್ಲ.

ಕಾರ್ಡಿನಲ್ಲಿ ‘ಗೆದ್ದಲು’ ಹೊಡೆದುಹಾಕಿ ‘ಗೊದ್ದ’ ಎಂದು ಬರೆದು ಮುಂದೆ ಹಿಡಿದೆ. ಅಕ್ಕೋರು ಸಹಿ ಹಾಕಲಿಲ್ಲ.