ಎರಡು ಸೆಕೆಂಡಿಗಾಗಿ ಬರೆದ ಸಾಲು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಗಣಿತದ ಪುಸ್ತಕಗಳೇ ಜಾಸ್ತಿ. ಹಾಗಾಗಿ ಕಮಾಂಡ್ ಬರೆದು ಪುಟ ಕಟ್ಟುವ ಸಾಫ್ಟ್‌ವೇರ್ ಆದ ಲೇಟೆಕ್‌ನಲ್ಲಿ ಪುಟ ಕಟ್ಟುತ್ತೇವೆ. ಕಳೆದ ತಿಂಗಳು ಹಳೆಯ ಅಭ್ಯಾಸ ಪುಸ್ತಕವೊಂದು ಮರುಮುದ್ರಣಕ್ಕೆ ಬಂತು. ಬದಲಾವಣೆ ಒಂದೇ: ಕೊನೆಯಲ್ಲಿ ಬರುವ ಉತ್ತರಗಳ ಪಕ್ಕ ಪಾಠದ ಸಂಖ್ಯೆಯೂ ಇರಬೇಕು. ನಮ್ಮ ಹುಡುಗನಿಗೆ ಕೊಟ್ಟೆ. ಮಂಡ್ಯದವನು, ಚುರುಕು.

ಮಧ್ಯಾಹ್ನ ಬಂದು ನಿಂತ. "ಅಣ್ಣಾ, ಈ ಮ್ಯಾಕ್ರೋ ತಲೆಬುಡ ಗೊತ್ತಾಗ್ತಿಲ್ಲ."

ಮ್ಯಾಕ್ರೋ ಅಂದರೆ ನಾವೇ ಕಟ್ಟಿಕೊಂಡ ಕಮಾಂಡ್. ಉತ್ತರಗಳನ್ನು ಕೂಡಿಟ್ಟು ಕೊನೆಯಲ್ಲಿ ಹಾಕುವ ಇದನ್ನು ಬರೆದವನು ನಾನೇ, ಮೂರು ವರ್ಷದ ಹಿಂದೆ. ಒಂದೇ ಸಾಲಿನಲ್ಲಿ 7 ಎಕ್ಸ್‌ಪ್ಯಾಂಡ್‌ಆಫ್ಟರ್! ಒಂದನ್ನು ದಾಟಿ ಅದರ ಮುಂದಿನದನ್ನು ಮೊದಲು ಬಿಡಿಸು ಅನ್ನುವ ಕಮಾಂಡ್ ಅದು. ಪ್ರಶ್ನೆಯ ಸಂಖ್ಯೆಯನ್ನು ಆಗಿಂದಾಗಲೇ ಹಿಡಿದಿಡಬೇಕು. ಇಲ್ಲದಿದ್ದರೆ ಎಲ್ಲ ಉತ್ತರಕ್ಕೂ ಕೊನೆಯ ಸಂಖ್ಯೆಯೇ ಬೀಳುತ್ತದೆ. ಅದಕ್ಕೇ ಆ ಸರಪಳಿ. ಬೇಗ ಕಂಪೈಲ್ ಆಗಲಿ, ಅಂದರೆ ಪುಟ ಬೇಗ ತಯಾರಾಗಲಿ ಅಂತ ಬಿಗಿಯಾಗಿ ಬರೆದಿದ್ದೆ, ಏನು ಎತ್ತ ಅಂತ ವಿವರಿಸುವ ಒಂದು ಕಾಮೆಂಟೂ ಇಲ್ಲ. ಸಂಜೆಯಾದರೂ ನನಗೇ ಬಿಡಿಸಲು ಆಗಲಿಲ್ಲ. ನಿಜವಾಗಿ ಬೇಜಾರಾಯಿತು. ಲೇಟೆಕ್‌ಗೆ ಬುನಾದಿಯಾದ ಟೆಕ್ ಬರೆದ ಡೊನಾಲ್ಡ್ ಕ್ನೂತ್ ತಮ್ಮ ಪ್ರೋಗ್ರಾಂ ಅನ್ನು ಜನ ಓದಲಿ ಅಂತಲೇ ವಿವರಣೆ ಸಮೇತ ಬರೆದವರು. ಅದು 1986ರಲ್ಲಿ ಪುಸ್ತಕವಾಗಿಯೂ ಬಂತು. ಅಂಥವರ ಸಾಫ್ಟ್‌ವೇರ್ ಮೇಲೆ ನಾನು ಬರೆದದ್ದು ಇದು.

ಹಳೆಯದನ್ನು ತೆಗೆದು ಇಬ್ಬರೂ ಕೂತು ಹೊಸದು ಬರೆದೆವು. ಸಂಖ್ಯೆ ಹಿಡಿಯಲು ಒಂದು ಕಮಾಂಡ್, ಉತ್ತರ ಕೂಡಿಡಲು ಒಂದು, ಕೊನೆಯಲ್ಲಿ ಅಚ್ಚು ಹಾಕಲು ಒಂದು. ಹೆಸರು ಓದಿದರೆ ಕೆಲಸ ಗೊತ್ತಾಗಬೇಕು, ಅಷ್ಟೇ. ಓಡಿಸಿ ನೋಡಿದರೆ 2 ಸೆಕೆಂಡ್ ಜಾಸ್ತಿ. ಇಡೀ ಪುಸ್ತಕಕ್ಕೆ ಹಿಡಿಯುತ್ತಿದ್ದದ್ದು 4 ನಿಮಿಷ. ಈ 2 ಸೆಕೆಂಡ್ ಉಳಿಸಲು ಅಷ್ಟೆಲ್ಲ ಕಷ್ಟಪಟ್ಟಿದ್ದೆನಾ?

"ಉಳಿದ ಟೈಮ್ ಎಲ್ಲಿ ಹೋಗ್ತಿದೆ ಅಣ್ಣಾ?" ಅಂದ. ಅದನ್ನು ನಾನು ಯಾವತ್ತೂ ಅಳೆದೇ ಇರಲಿಲ್ಲ.

ಚಿತ್ರಗಳನ್ನು ತೆಗೆದು ಓಡಿಸಿದೆವು. ಅಲ್ಲೇ ಸಿಕ್ಕಿತು. ತ್ರಿಭುಜ, ವೃತ್ತ ಎಲ್ಲ ಲೇಟೆಕ್ ಒಳಗೇ ಕಮಾಂಡ್ ಕೊಟ್ಟು ಚಿತ್ರ ಬಿಡಿಸುವ ಟಿಕ್‌ಝಡ್‌ನಲ್ಲಿ ಬರೆದವು. ಒಂದು ಅಕ್ಷರ ತಿದ್ದಿದರೂ ಪ್ರತಿಯೊಂದು ಚಿತ್ರವನ್ನೂ ಮತ್ತೆ ಬಿಡಿಸುತ್ತಿತ್ತು. ಅದರದೇ ಎಕ್ಸ್‌ಟರ್ನಲ್ ಲೈಬ್ರರಿ ಹಾಕಿದೆವು. ಈಗ ಚಿತ್ರ ಒಮ್ಮೆ ಪಿಡಿಎಫ್ ಆದರೆ ಮುಗಿಯಿತು, ಆಮೇಲೆ ಸುಮ್ನೆ ತಂದು ಅಂಟಿಸುತ್ತದೆ. ಎರಡನೇ ಸಲ ಓಡಿಸಿದಾಗ 1 ನಿಮಿಷವೂ ಹಿಡಿಯಲಿಲ್ಲ. ಹೊಸ ಮ್ಯಾಕ್ರೋವನ್ನು ಮುಟ್ಟಲೇ ಇಲ್ಲ.

ಮಾರನೇ ದಿನ ಲೇಖಕರ ಫೋನ್. ಉತ್ತರಗಳ ಸಂಖ್ಯೆ ಕನ್ನಡ ಅಂಕಿಯಲ್ಲಿ ಬೇಕಂತೆ. ಹುಡುಗನಿಗೆ ಹೇಳಿ ಟೀಗೆ ಹೋದೆ. ಬರುವಷ್ಟರಲ್ಲಿ ಪುಟ ತೆರೆದಿಟ್ಟುಕೊಂಡು ಕೂತಿದ್ದ.

"ಒಂದೇ ಕಡೆ ಬದಲಾಯಿಸಿದೆ ಅಣ್ಣಾ. ನೋಡಿ."