ನಮ್ಮ 800ರ ಎಣ್ಣೆ ಸೋರಿಕೆ: ಮುಂದಿನ ಸೀಲ್‌ಗಳ ಕೆಲಸ ಮುಗಿಯಿತು

1997ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ, ಕೆಳಗಡೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ದಾವಣಗೆರೆಯಲ್ಲಿ ಬಗ್ಗಿ ನೋಡಿದವರೆಲ್ಲ "ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಿ" ಅಂದರು. (ಎಂಜಿನ್‌ನ ಮುಖ್ಯ ಶಾಫ್ಟ್, ಅಂದರೆ ಕ್ರ್ಯಾಂಕ್, ಹೊರಬರುವ ಎರಡೂ ತುದಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಬಳೆಯೇ ಸೀಲ್. ಹಿಂದಿನದು ಗೇರ್‌ಬಾಕ್ಸ್ ಕಡೆ, ಮುಂದಿನದು ಪುಲ್ಲಿ ಕಡೆ.)

ನಾನು ಮೊದಲು ಮೇಲಿಂದ ಶುರು ಮಾಡಿದೆ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಬೇಕಿಲ್ಲ ಅಲ್ವಾ? ಈ ಎಂಜಿನ್‌ನಲ್ಲಿ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರೋದು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ತುದಿಗೆ, ಗೇರ್‌ಬಾಕ್ಸ್ ಇರುವ ಕಡೆಗೇ. ಅದರ ಓ-ರಿಂಗ್ (ಬುಡದ ರಬ್ಬರ್ ಉಂಗುರ) ಗಟ್ಟಿಯಾದರೆ ಎಣ್ಣೆ ನಿಧಾನವಾಗಿ ಇಳಿದು ಅದೇ ಸಂದಿಗೆ ಬರುತ್ತದೆ, ನೋಡಿದವರಿಗೆ ಹಿಂದಿನ ಸೀಲಿನದ್ದೇ ಅನ್ನಿಸುತ್ತದೆ. ಎಂಜಿನ್ ಪೂರ್ತಿ ತೊಳೆದು, ಒಣಗಿಸಿ, ಟಾಲ್ಕಮ್ ಪೌಡರ್ ಉದುರಿಸಿ ಊರೊಳಗೆ ಒಂದು ಸುತ್ತು ಹೊಡೆದು ಬಂದೆ. ಡಿಸ್ಟ್ರಿಬ್ಯೂಟರ್ ಕೆಳಗೆ ಪೌಡರ್ ಒದ್ದೆ. ಕ್ರ್ಯಾಂಕ್ ಪುಲ್ಲಿ ಹಿಂದೆಯೂ ಒದ್ದೆ, ಅಂದರೆ ಮುಂದಿನ ಸೀಲೂ ಸೋರುತ್ತಿದೆ.

ಬ್ರೀದರ್ ಪೈಪ್ ಬಿಚ್ಚಿದರೆ ಒಳಗೆ ಬರೀ ಕಪ್ಪು ಜಿಡ್ಡು. ಆ ಪೈಪ್ ಕಟ್ಟಿಕೊಂಡರೆ ಎಂಜಿನ್ ಒಳಗಿನ ಒತ್ತಡಕ್ಕೆ ಹೊರಗೆ ಹೋಗಲು ದಾರಿ ಇರಲ್ಲ, ಆಗ ಎಣ್ಣೆಯನ್ನು ಸೀಲ್‌ಗಳ ಕಡೆಗೆ ತಳ್ಳುತ್ತದೆ. ಇದನ್ನು ತೊಳೆಯದೆ ಹೊಸ ಸೀಲ್ ಹಾಕುವುದು ಸುಮ್ನೆ ದುಡ್ಡು ದಂಡ.

ಮುಂದಿನ ಕ್ರ್ಯಾಂಕ್ ಸೀಲಿಗೆ ಕ್ರ್ಯಾಂಕನ್ನೂ ಕ್ಯಾಮನ್ನೂ ಜೋಡಿಸುವ ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಲೇಬೇಕು, ಆದ್ದರಿಂದ ಕ್ಯಾಮ್ ಸೀಲ್ ಕೂಡ ಆಗಲೇ ಬದಲಾಯಿಸಿದೆ, ಬೆಲ್ಟನ್ನೂ ಹೊಸದೇ ಹಾಕಿದೆ. ಎಣ್ಣೆ ಕುಡಿದ ಬೆಲ್ಟನ್ನು ಒರೆಸಿ ಮತ್ತೆ ಹಾಕುವ ಧೈರ್ಯ ನನಗಿಲ್ಲ. ಬಿಚ್ಚುವ ಮುಂಚೆ ಟೈಮಿಂಗ್ ಗುರುತುಗಳನ್ನು ಕೂಡಿಸಿ ಫೋಟೋ ತೆಗೆದಿಟ್ಟಿದ್ದೆ. ಹಳೇ ಸೀಲ್ ಕೊಬ್ಬರಿ ಚಿಪ್ಪಿನಷ್ಟು ಗಟ್ಟಿ. ತೆಗೆಯುವಾಗ ಸ್ಕ್ರೂಡ್ರೈವರ್ ಶಾಫ್ಟಿಗೆ ತಾಗಬಾರದು. ಒಂದು ಗೀರು ಬಿದ್ದರೂ ಹೊಸ ಸೀಲೂ ಸೋರುತ್ತದೆ. ಶಾಫ್ಟಿನ ಮೇಲೆ ಹಳೇ ಸೀಲ್ ಸವೆಸಿದ ಗೆರೆ ಸಣ್ಣಗೆ ಕಾಣುತ್ತಿತ್ತು, ಉಗುರಿಗೆ ಸಿಗುವಷ್ಟು ಆಳ ಇರಲಿಲ್ಲ. ಹೊಸದರ ಸ್ಪ್ರಿಂಗ್ ಇರುವ ಮುಖವನ್ನು ಒಳಕ್ಕೆ ಮಾಡಿ, ಅಂಚಿಗೆ ಎಂಜಿನ್ ಆಯಿಲ್ ಸವರಿ, ಅಳತೆಗೆ ಸರಿಹೋಗುವ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದೆ.

ಬ್ರೀದರ್ ಪೈಪ್ ತೊಳೆದು, ಡಿಸ್ಟ್ರಿಬ್ಯೂಟರ್ ಓ-ರಿಂಗ್ ಕೂಡ ಬದಲಾಯಿಸಿ, ಆಮೇಲೆ ಚಿತ್ರದುರ್ಗಕ್ಕೆ ಹೋಗಿ ಬಂದು ಕೆಳಗೆ ರಟ್ಟು ಹಾಸಿದೆ. ಮುಂದಿನ ಕಡೆ ಒಣ, ಡಿಸ್ಟ್ರಿಬ್ಯೂಟರೂ ಒಣ. ಆದರೆ ಗೇರ್‌ಬಾಕ್ಸ್ ಸಂದಿಯಲ್ಲಿ ಇನ್ನೂ ಒಂದು ಹನಿ ಇದೆ, ಮೂಸಿದರೆ ಗಂಧಕದ ಘಾಟು. ಎಂಜಿನ್ ಆಯಿಲ್ ಹಾಗೆ ನಾರಲ್ಲ, ಅದು ಗೇರ್ ಆಯಿಲ್. ಅಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ತಿರುಗುವ ಶಾಫ್ಟ್) ಸೀಲ್ ಮೇಲೆ ಅನುಮಾನ. ಆ ಎಣ್ಣೆ ತಾಗಿ ಕ್ಲಚ್ ಇನ್ನೂ ಜಾರುತ್ತಿಲ್ಲ, ಆದ್ದರಿಂದ ಅವಸರ ಇಲ್ಲ. ಗೇರ್‌ಬಾಕ್ಸ್ ಇಳಿಸುವ ದಿನ ಆ ಸೀಲ್, ಹಿಂದಿನ ಕ್ರ್ಯಾಂಕ್ ಸೀಲ್ ಎರಡೂ ಒಟ್ಟಿಗೆ ಹಾಕುತ್ತೇನೆ. ಅಲ್ಲಿಯವರೆಗೆ ಗೇರ್ ಆಯಿಲ್ ಮಟ್ಟ ನೋಡುತ್ತಿರಬೇಕು.