ಮೀಟಿಂಗ್ ಸ್ಟ್ರೀಟಿನ 61ನೇ ಮನೆ

ಅಮೆರಿಕದಲ್ಲಿ ಮಗಳಿರುವ ಷಾರ್ಲಟ್‌ನಿಂದ ಚಾರ್ಲ್ಸ್‌ಟನ್‌ಗೆ ಕಾರಿನಲ್ಲಿ ಮೂರೂವರೆ ಗಂಟೆ. ದಕ್ಷಿಣ ಕೆರೊಲಿನಾ ರಾಜ್ಯದ ಈ ಊರಿಗೆ ಜನ ಹೋಗುವುದು ಕಡಲು, ಹಳೇ ಬಂಗಲೆ ನೋಡಲು. ಮೂವತ್ತು ವರ್ಷ ಕರಿಕೋಟು ತೊಟ್ಟ ನನಗೆ ಬೇಕಿದ್ದದ್ದು ಫೆಡರಲ್ ನ್ಯಾಯಾಧೀಶ ವೇಟೀಸ್ ವೇರಿಂಗ್ ಬಾಳಿದ ಮನೆ.

ರಸ್ತೆಗೆ ಅಂಟಿಕೊಂಡೇ ನಿಂತಿದೆ. 1950ರಲ್ಲಿ ಕಪ್ಪು ಜನರ ಪರ ನಿಂತ ಅವರನ್ನು ಬೆದರಿಸಲು ಇಲ್ಲಿ ಶಿಲುಬೆ ಸುಟ್ಟರು, ಕಿಟಕಿಗೆ ಕಲ್ಲು ತೂರಿದರು. ಆಗ ವೇರಿಂಗ್ ಅವರಿಗೆ 70ರ ಆಸುಪಾಸು.

ವೇರಿಂಗ್ ಹೊರಗಿನವರಲ್ಲ. ಇದೇ ಊರಲ್ಲಿ 1880ರಲ್ಲಿ ಹುಟ್ಟಿದವರು, ಗುಲಾಮರನ್ನಿಟ್ಟುಕೊಂಡಿದ್ದ ಮನೆತನದವರು. 1942ರಲ್ಲಿ ರೂಸ್‌ವೆಲ್ಟ್ ನೇಮಿಸಿದಾಗ ಊರ ದೊಡ್ಡವರಿಗೆಲ್ಲ ಇವರು ನಮ್ಮವರೇ. ಅವರನ್ನು ಅಲುಗಿಸಿದ್ದು 1946ರಲ್ಲಿ ಅವರ ಮುಂದೆ ಬಂದ ಮೊಕದ್ದಮೆ. ಐಸಾಕ್ ವುಡರ್ಡ್ ಎಂಬ ಕಪ್ಪು ಸೈನಿಕ, ಸೇನೆಯಿಂದ ಬಿಡುಗಡೆಯಾಗಿ ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದ. ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಹೊಡೆದು ಎರಡೂ ಕಣ್ಣು ಕಳೆದ. ಬಿಳಿಯರೇ ತುಂಬಿದ್ದ ಜ್ಯೂರಿ 28 ನಿಮಿಷದಲ್ಲಿ ಅವನನ್ನು ಬಿಟ್ಟುಬಿಟ್ಟಿತು. ಆಮೇಲೆ ವೇರಿಂಗ್ ಮೊದಲಿನಂತೆ ಉಳಿಯಲಿಲ್ಲ. ಮರುವರ್ಷವೇ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಕಪ್ಪು ಜನರಿಗೂ ಮತದ ಹಕ್ಕಿದೆ ಎಂದು ತೀರ್ಪಿತ್ತರು.

ಮನೆಯಿಂದ ಕೋರ್ಟಿಗೆ ಎರಡೇ ನಿಮಿಷದ ನಡಿಗೆ. ಅಷ್ಟು ದೂರ ನಡೆಯಲೂ ಅವರಿಗೆ ಎಷ್ಟು ಗಟ್ಟಿ ಎದೆ ಬೇಕಾಯಿತೋ ಎಂದುಕೊಳ್ಳುತ್ತ ನಿಧಾನಕ್ಕೆ ನಡೆದೆ. ಬ್ರಾಡ್ ಸ್ಟ್ರೀಟಿನ ಮೂಲೆಯಲ್ಲಿ ಸೇಂಟ್ ಮೈಕೇಲ್ ಚರ್ಚಿನ ಬಿಳಿ ಶಿಖರ, ರಸ್ತೆಯಾಚೆ 1896ರ ಕೋರ್ಟ್ ಕಟ್ಟಡ. 1951ರ ಮೇ 28ರಂದು ಕ್ಲಾರೆಂಡನ್ ಕೌಂಟಿಯ ಕಪ್ಪು ಕುಟುಂಬಗಳು ತಮ್ಮ ಮೊಕದ್ದಮೆಯ ವಿಚಾರಣೆಗೆ ಬಂದು ಸಾಲುಗಟ್ಟಿದ್ದು ಇಲ್ಲಿಯೇ. ಮಕ್ಕಳಿಗೊಂದು ಶಾಲಾಬಸ್ ಕೇಳಿ ಶುರುವಾಗಿದ್ದ ಹೋರಾಟ ಅದು. ಅರ್ಜಿಗೆ ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಕೆಲಸ ಕಳೆದುಕೊಂಡಿದ್ದ. ಸಮಾನ ಸೌಲಭ್ಯ ಕೇಳಿದರೆ ಸಾಲದು, ಕಪ್ಪು, ಬಿಳಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಬೇರ್ಪಡಿಸುವ ಕಾನೂನನ್ನೇ ಪ್ರಶ್ನಿಸಿ ಎಂದು ವಕೀಲ ಥರ್ಗುಡ್ ಮಾರ್ಷಲ್‌ಗೆ ಸೂಚಿಸಿದವರು ವೇರಿಂಗ್. ಮೂವರು ನ್ಯಾಯಾಧೀಶರ ಪೀಠದ ಉಳಿದಿಬ್ಬರು ಒಪ್ಪಲಿಲ್ಲ. ವೇರಿಂಗ್ ಒಬ್ಬರೇ ಭಿನ್ನಮತ ಬರೆದರು: ಬೇರ್ಪಡಿಸುವುದೇ ಅಸಮಾನತೆ. 1954ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಅದೇ ದಾರಿ ಹಿಡಿದರು.

ಆ ಹೊತ್ತಿಗೆ ವೇರಿಂಗ್ ನ್ಯೂಯಾರ್ಕ್‌ನಲ್ಲಿದ್ದರು. 1952ರಲ್ಲಿ ನಿವೃತ್ತರಾಗಿ, ಎಂಟು ತಲೆಮಾರಿನ ಊರು ಬಿಟ್ಟಿದ್ದರು.

ಕೋರ್ಟಿನ ಹಿಂದಿನ ತೋಟದಲ್ಲಿ 2014ರಲ್ಲಿ ನಿಲ್ಲಿಸಿದ ಅವರ ಕಂಚಿನ ಪ್ರತಿಮೆಯಿದೆ. 2015ರಲ್ಲಿ ನ್ಯಾಯಾಲಯ ಸಂಕೀರ್ಣಕ್ಕೂ ಅವರ ಹೆಸರಿಟ್ಟರು. ಕಪ್ಪು ಅಜ್ಜಿಯೊಬ್ಬರು ಮೊಮ್ಮಗನನ್ನು ಪ್ರತಿಮೆಯ ಮುಂದೆ ನಿಲ್ಲಿಸಿ ಫಲಕ ಓದಿಸುತ್ತಿದ್ದರು. ಅವನು ತಡವರಿಸಿದಲ್ಲೆಲ್ಲ ತಿದ್ದಿ, ಮತ್ತೆ ಮೊದಲಿನಿಂದ ಓದಿಸಿದರು.

ಸಂಜೆ ಮ್ಯಾಗ್ನೋಲಿಯಾ ಸ್ಮಶಾನಕ್ಕೆ ಹೋದೆವು. 1968ರ ಜನವರಿಯಲ್ಲಿ ವೇರಿಂಗ್ ಊರಿಗೆ ಮರಳಿದ್ದು ಇಲ್ಲಿಗೇ. ಮಣ್ಣಿಗೆ ಬಂದ ಬಿಳಿಯರನ್ನು ಬೆರಳಲ್ಲಿ ಎಣಿಸಬಹುದಿತ್ತಂತೆ. ಕಪ್ಪು ಜನ ಇನ್ನೂರರಷ್ಟಿದ್ದರು.